ಮುಐದರ್‌ನಿಂದ ಬಂದ ಡೇಗೆ

ಈ ಕೆಲಸ ಕಲಿಯಬೇಕೆಂದು ಬರುವವರು ಮೊದಲು ಕೇಳುವುದು ವಾಸನೆಯ ವಿಚಾರ. "ಆಂಟಿ, ವಾಸನೆ ತಡೆಯಲಿಕ್ಕೆ ಆಗ್ತದಾ?" ವಾಸನೆ ದೊಡ್ಡ ಸಂಗತಿಯೇ ಅಲ್ಲ. ಸತ್ತ ಹಕ್ಕಿಯನ್ನು ಹೊತ್ತು ಮೀರುವ ಮೊದಲು ಕೈಗೆತ್ತಿಕೊಂಡರೆ ಮೀನು ಮಾರ್ಕೆಟಿನಲ್ಲಿರುವಷ್ಟೂ ವಾಸನೆ ಇರುವುದಿಲ್ಲ. ನಾನು ಮಂಗಳೂರು ಕಡೆಯವಳು, ಅದು ನನಗೆ ಲೆಕ್ಕಕ್ಕಿಲ್ಲ. ಕಷ್ಟವಿರುವುದು ಚರ್ಮದಲ್ಲಿ. ಹಕ್ಕಿಯ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ. ಅದು ಎಲ್ಲಿ ಮುಗಿದು ಮಾಂಸ ಎಲ್ಲಿ ಶುರುವಾಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯಬೇಕು. ತಿಳಿಯುವ ತನಕ ಪ್ರತಿ ಹಕ್ಕಿಯೂ ನಮ್ಮ ಉಸಿರು ಬಿಗಿಹಿಡಿಸುತ್ತದೆ. ತಿಳಿದ ಮೇಲೆ ಸ್ವಲ್ಪ ಕಡಿಮೆ, ಅಷ್ಟೇ.

ಟ್ಯಾಕ್ಸಿಡರ್ಮಿ ಎಂದರೆ ಊರಿನ ನೆಂಟರಿಗೆ ಅರ್ಥವಾಗುತ್ತಿರಲಿಲ್ಲ. "ಸತ್ತ ಹಕ್ಕಿಯ ಚರ್ಮ ಬಿಡಿಸಿ, ಒಳಗೆ ಬೇರೆ ಮೈ ಕೂರಿಸಿ, ಬದುಕಿದ್ದ ಹಾಗೆ ನಿಲ್ಲಿಸುವುದು" ಎಂದು ಹೇಳಿದರೆ, "ಅಲ್ಲಾ, ಅದಕ್ಕೆ ಕತಾರಿಗೆ ಹೋಗಬೇಕಿತ್ತಾ?" ಎಂದು ನಗುತ್ತಿದ್ದರು. ನಾನು ಈ ಕೆಲಸಕ್ಕೆಂದು ಬಂದವಳೂ ಅಲ್ಲ, ಮದುವೆಯಾಗಿ ಬಂದವಳು. ಗಂಡ ಅಲ್ ಮುಂತಜಾ ಬಡಾವಣೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು, ಅದರ ಮೇಲೆಯೇ ನಮ್ಮ ಮನೆ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ, ನನ್ನ ಹಳೆಯ ಬಿ.ಎಸ್ಸಿ. ಹಿಡಿದುಕೊಂಡು ಒಂದು ಶಾಲೆಯ ಜೀವಶಾಸ್ತ್ರ ಲ್ಯಾಬಿಗೆ ಸೇರಿದೆ. ಅಲ್ಲಿಂದ ಒಂದು ಖಾಸಗಿ ಪ್ರಕೃತಿ ಅಧ್ಯಯನ ಕೇಂದ್ರಕ್ಕೆ ಹೋದೆ. ಕೇಂದ್ರದ ಹೆಸರು ಇಲ್ಲಿ ಬೇಡ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದೂ ನಿಮಗೆ ಬೇಡ. ಕೈ ಹೇಗೆ ಕಲಿಯಿತು, ಎಲ್ಲಿ ನಡುಗಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಆ ಕೇಂದ್ರದಲ್ಲಿ ಗಾಜಿನ ಪೆಟ್ಟಿಗೆಗಳ ಒಳಗೆ ಕಡಲಹಕ್ಕಿ, ಕೊಕ್ಕರೆ, ಹದ್ದುಗಳಿದ್ದವು. ಯಾರೋ ಹಳಬರು ಹತ್ತಿ ತುರುಕಿ ಮಾಡಿದ ಹಕ್ಕಿಗಳು. ಕೆಲವಕ್ಕೆ ಕತ್ತು ಸೊಟ್ಟ, ಕೆಲವಕ್ಕೆ ಹೊಟ್ಟೆ ಉಬ್ಬರ. ಅವುಗಳ ಧೂಳು ಒರೆಸುವುದು ನನ್ನ ಕೆಲಸ. ವರ್ಷಗಟ್ಟಲೆ ಒರೆಸಿದೆ. ಒಂದು ದಿನ ದಕ್ಷಿಣ ಆಫ್ರಿಕಾದಿಂದ ಯೋಹಾನಾ ಎಂಬ ಟೀಚರ್ ಬಂದರು. ನಮಗೆಲ್ಲ ಕಮ್ಮಟ ನಡೆಸಿ ಹಕ್ಕಿ ಮಾಡಲು ಕಲಿಸುವುದಕ್ಕೆಂದು ಕೇಂದ್ರದವರು ಕರೆಸಿದ್ದರು. ನರೆತ ಕೂದಲು, ಗಂಡಸಿನಂಥ ದೊಡ್ಡ ಕೈ. ಒಳಗೆ ಬಂದವರೇ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ನನ್ನ ಇನ್ನೊಂದು ಕೈಯಲ್ಲಿ ಹಳೆಯ ಕಡಲಹಕ್ಕಿ ಇತ್ತು.

"ಇದನ್ನು ಯಾವಾಗಿನಿಂದ ಬರಿಗೈಯಲ್ಲಿ ಮುಟ್ಟುತ್ತಿದ್ದೀರಿ?"

"ಬಂದಾಗಿನಿಂದ," ಎಂದೆ.

ಹಿಂದಿನ ಕಾಲದವರು ಹುಳ ಹಿಡಿಯಬಾರದೆಂದು ಚರ್ಮದ ಒಳಗೆ ಪಾಷಾಣ ಬಳಿಯುತ್ತಿದ್ದರಂತೆ. ಆ ಪುಡಿ ಗರಿಗಳ ಬುಡದಿಂದ ಉದುರುತ್ತಲೇ ಇರುತ್ತದೆ. ಅವತ್ತು ನಾನು ಕೈ ತೊಳೆದೆ, ಮತ್ತೆ ತೊಳೆದೆ, ತಂದಿದ್ದ ಬುತ್ತಿಯನ್ನು ಮುಟ್ಟಲಾಗಲಿಲ್ಲ. ರಕ್ತಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬರುವ ತನಕ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಈಗ ನಾವು ಬಳಸುವುದು ಬೋರಾಕ್ಸ್ ಪುಡಿ. ಆದರೂ ಹಳೆಯ ಹಕ್ಕಿಯನ್ನು ಕೈಗವಸು ಇಲ್ಲದೆ ಮುಟ್ಟಬೇಡಿ. ಅದು ಎಷ್ಟು ಚಂದ ಕಂಡರೂ.

ಕಮ್ಮಟಕ್ಕೆ ಏಳೆಂಟು ಮಂದಿ ಸೇರಿದ್ದೆವು. ಉದ್ದದ ಸ್ಟೀಲ್ ಮೇಜು, ಎಲ್ಲರ ಮುಂದೆಯೂ ಒಂದೊಂದು ಮೈನಾ. ನಮ್ಮೂರಿನ ಗೊರವಂಕವೇ. ಹೊರಗಿನಿಂದ ಬಂದು ಇಲ್ಲಿ ವಿಪರೀತ ಹೆಚ್ಚಿಕೊಂಡಿವೆ ಎಂದು ಅವನ್ನು ಬಲೆ ಹಾಕಿ ಹಿಡಿಯುತ್ತಾರೆ, ಹಾಗಾಗಿ ಕಲಿಯುವವರಿಗೆ ಅವೇ ಸಿಗುತ್ತವೆ. ನನ್ನ ಪಕ್ಕದಲ್ಲಿ ಕೂತವರು ಶ್ರೀಕಂಠ, ಮೈಸೂರಿನವರು. ಫಾಲ್ಕನ್ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್. ಫಾಲ್ಕನ್ ಎಂದರೆ ನಮ್ಮ ಡೇಗೆ, ಇಲ್ಲಿನವರು ಬೇಟೆಗೆ ಪಳಗಿಸುವ ಹಕ್ಕಿ. ನಾನು ಕನ್ನಡದವಳೆಂದು ತಿಳಿದ ಕೂಡಲೇ ಶ್ರೀಕಂಠ ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಬಂದರು. "ಅಬ್ಬಾ, ಗೊಣಗೋಕೆ ಒಬ್ರು ಸಿಕ್ಕಿದ್ರು," ಎಂದರು.

ಯೋಹಾನಾ ಒಂದು ನಿಯಮ ಮಾಡಿದ್ದರು. ಯಾರ ಹಕ್ಕಿ ಹರಿದರೂ ಅವರು ಕೈ ಎತ್ತಬೇಕು, ಉಳಿದವರೆಲ್ಲ ಕತ್ತಿ ಕೆಳಗಿಟ್ಟು ಬಂದು ನೋಡಬೇಕು. ಮೊದಲ ದಿನ ಅದು ಶಿಕ್ಷೆಯ ಹಾಗಿತ್ತು. ನನ್ನ ಮೈನಾದ ಕತ್ತಿನ ಚರ್ಮ ಚರ್ರೆಂದು ಸೀಳಿದಾಗ ನಾನು ಮೆಲ್ಲಗೆ ಗರಿ ಮುಚ್ಚಿ ಕೂತಿದ್ದೆ. ಯೋಹಾನಾ ಹಿಂದೆ ಬಂದು ನಿಂತರು. ಬೈಯಲಿಲ್ಲ. ನಿಂತೇ ಇದ್ದರು. ಕೊನೆಗೆ ನಾನೇ ಕೈ ಎತ್ತಿದೆ. ಎಲ್ಲರೂ ಬಂದು ಬಗ್ಗಿ ನೋಡಿದರು. ಕತ್ತಿನ ಬಳಿ ಚರ್ಮವನ್ನು ಎಳೆಯಬಾರದು, ತಳ್ಳಬೇಕು ಎಂಬುದನ್ನು ಅವತ್ತು ಎಲ್ಲರೂ ನನ್ನ ಹಕ್ಕಿಯಿಂದಲೇ ಕಲಿತರು. ಒಬ್ಬರೇ ಕೂತು ಕಲಿತರೆ ನಿಮ್ಮ ತಪ್ಪು ಮಾತ್ರ ನಿಮಗೆ ಸಿಗುತ್ತದೆ, ಮೇಜಿನ ಸುತ್ತ ಕೂತರೆ ಎಲ್ಲರದ್ದೂ ಸಿಗುತ್ತದೆ. ಶ್ರೀಕಂಠ ತಂತಿಯನ್ನು ಉದ್ದ ಬಿಟ್ಟು ಮೈನಾಕ್ಕೆ ಹಾವಿನಂಥ ಕತ್ತು ಮಾಡಿದ್ದರು. "ಮೇಡಂ, ಕೊಕ್ಕರೆ ಆಗೋಯ್ತು," ಎಂದು ತಾವೇ ಎಲ್ಲರಿಗೂ ತೋರಿಸಿದರು.

ಚರ್ಮ ಬಿಡಿಸುವುದು, ಕೊಬ್ಬು ಕೆರೆಯುವುದು, ಪಾತ್ರೆ ತೊಳೆಯುವ ಸೋಪಿನಲ್ಲಿ ಗರಿ ತೊಳೆದು ಹೇರ್ ಡ್ರೈಯರಿನಲ್ಲಿ ಆರಿಸುವುದು, ಮರದ ಎಳೆಗಳನ್ನು ದಾರದಲ್ಲಿ ಬಿಗಿದು ಮೈ ಮಾಡುವುದು. ಮೈನಾ ಆದ ಮೇಲೆ ಪಾರಿವಾಳ, ಆಮೇಲೆ ಬೆಳ್ಳಕ್ಕಿ. ಬೇಟೆಹಕ್ಕಿಯನ್ನು ಮುಟ್ಟಲು ಇನ್ನೂ ಹೊತ್ತಿದೆ ಎಂದು ಯೋಹಾನಾ ಹೇಳುತ್ತಿದ್ದರು. ಆದರೆ ಹಕ್ಕಿ ನಮಗೆ ಕಾಯಲಿಲ್ಲ.

ಅದು ಬೇಸಿಗೆಯ ಕೊನೆ. ಕಡಲಿನಿಂದ ತೇವದ ಗಾಳಿ ಬೀಸಿ, ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುವ ದಿನಗಳು. ಬೆಳಗ್ಗೆ ನಮ್ಮ ಮ್ಯಾನೇಜರ್ ಬಾಸಿಲ್ ಅವಸರದಿಂದ ಒಳಗೆ ಬಂದರು. ಜೋರ್ಡಾನಿನವರು, ಕೆಟ್ಟವರಲ್ಲ, ಆದರೆ ದೊಡ್ಡವರ ಹೆಸರು ಕಿವಿಗೆ ಬಿದ್ದರೆ ಅವರ ದನಿಯೇ ಬದಲಾಗುತ್ತಿತ್ತು.

"ಅಬೂ ಫಹದ್ ಮನೆಯ ಫಾಲ್ಕನ್. ನಿನ್ನೆ ಸತ್ತಿದೆ. ಅವರ ಅತ್ಯಂತ ಪ್ರೀತಿಯ ಹಕ್ಕಿ, ಮಜ್ಲಿಸಿನಲ್ಲಿ ಇಡಬೇಕಂತೆ. ಇವತ್ತೇ ಶುರುಮಾಡಿ. ಒಂದು ಗರಿಯೂ ಹಾಳಾಗಬಾರದು. ಯಲ್ಲಾ, ಬೇಗ!"

ಅಬೂ ಫಹದ್ ಎಂಬವರು ಮುಐದರ್ ಬಡಾವಣೆಯ ಹಿರಿಯ ಕತಾರಿ, ನಮ್ಮ ಕೇಂದ್ರಕ್ಕೆ ಬೇಕಾದವರು. ಮಜ್ಲಿಸ್ ಎಂದರೆ ಇಲ್ಲಿನ ಮನೆಗಳಲ್ಲಿ ಅತಿಥಿಗಳನ್ನು ಕೂರಿಸುವ ದೊಡ್ಡ ಕೋಣೆ. ಹಕ್ಕಿಯನ್ನು ಐಸ್ ಪೆಟ್ಟಿಗೆಯಲ್ಲಿ ತಂದಿದ್ದವರು ಅದನ್ನು ನೋಡಿಕೊಳ್ಳುತ್ತಿದ್ದ ಬಖ್ಶ್. ಸಿಂಧ್ ಕಡೆಯವರು, ವಯಸ್ಸು ಐವತ್ತರ ಆಸುಪಾಸು, ತೆಳ್ಳನೆಯ ಮೈ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ ಮೇಲೂ ಅವರ ಕೈ ಅದರ ಮುಚ್ಚಳದ ಮೇಲೆಯೇ ಇತ್ತು.

ಬಾಸಿಲ್ ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದರು, "ಇವನೇ ಕೊಂದದ್ದು. ಹಳಸಿದ ಮಾಂಸ ಹಾಕಿದ್ದಾನೆ ಅಂತ ಮಗ ಫಹದ್ ಹೇಳುತ್ತಿದ್ದಾನೆ. ಇವತ್ತು ಸಂಜೆಯ ವಿಮಾನದಲ್ಲಿ ಊರಿಗೆ ಕಳಿಸುತ್ತಾರೆ. ಸೂಟ್‌ಕೇಸ್ ಕಾರಿನಲ್ಲೇ ಇದೆ."

ಬಖ್ಶ್‌ಗೆ ಇಂಗ್ಲಿಷ್ ಬರುವುದಿಲ್ಲವೆಂದು ಅವರು ತಿಳಿದಿದ್ದರು. ಅಷ್ಟು ಇಂಗ್ಲಿಷ್ ಯಾರಿಗಾದರೂ ಅರ್ಥವಾಗುತ್ತದೆ. ಬಖ್ಶ್ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು, "ಬಾಜಿ, ಇವಳ ದನಿ ಬದಲಾಗಿತ್ತು. ಗಂಟಲು ಕಟ್ಟಿದವರ ಹಾಗೆ ಕೂಗುತ್ತಿದ್ದಳು. ಸ್ವಲ್ಪ ಹಾರಿಸಿದರೆ ಬಾಯಿ ತೆರೆದು ಏದುಸಿರು. ಡಾಕ್ಟರಿಗೆ ತೋರಿಸೋಣ ಅಂದೆ. ಬೇಟೆಗೆ ತೂಕ ಇಳಿಸುತ್ತಿದ್ದೇವೆ, ಅದಕ್ಕೇ ಹಾಗೆ, ಅಂದರು ಚಿಕ್ಕ ಸಾಹೇಬರು."

ಬಾಜಿ ಎಂದರೆ ಅಕ್ಕ. "ಹೊರಗೆ ಕೂತ್ಕೊಳ್ಳಿ ಭಾಯಿ," ಎಂದೆ. ಅವರು ಗಾಜಿನ ಬಾಗಿಲಿನ ಆಚೆ, ರಿಸೆಪ್ಷನ್ನಿನ ಬೆಂಚಿನ ಮೇಲೆ ಕೂತರು. ಅಲ್ಲಿಂದ ನಮ್ಮ ಮೇಜು ಕಾಣುತ್ತಿತ್ತು.

ಹಕ್ಕಿಯನ್ನು ಬಿಳಿ ಬಟ್ಟೆಯ ಮೇಲೆ ಅಂಗಾತ ಮಲಗಿಸಿದೆವು. ಕಂದು ರೆಕ್ಕೆ, ಕೆನೆಬಣ್ಣದ ಎದೆಯ ಮೇಲೆ ಹನಿಹನಿಯಾದ ಗುರುತುಗಳು. ಅಷ್ಟು ಚೆಲುವಾದ ಹಕ್ಕಿಯನ್ನು ನಾನು ಅಲ್ಲಿಯವರೆಗೆ ಹತ್ತಿರದಿಂದ ನೋಡಿರಲಿಲ್ಲ. ಯೋಹಾನಾ ಎದೆಯ ಗರಿಗಳನ್ನು ನೀರಿನಲ್ಲಿ ಒದ್ದೆಮಾಡಿ ಎರಡು ಪಕ್ಕಕ್ಕೆ ಬೈತಲೆಯ ಹಾಗೆ ಬಿಡಿಸಿದರು. ಮೊದಲ ಗೀಟು ಅವರೇ ಎಳೆದರು. ಆಮೇಲೆ ಕತ್ತಿಯನ್ನು ನನ್ನ ಕಡೆ ಚಾಚಿ, "ಬಲಗಡೆ ನೀವು. ಎಡಗಡೆ ನಾನು. ಅವಸರ ಬೇಡ," ಎಂದರು.

ಚರ್ಮದ ಕೆಳಗೆ ಬೆರಳು ಹಾಕಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಪಾರಿವಾಳದಲ್ಲಿ ಎದೆಮೂಳೆಯ ಎರಡೂ ಕಡೆ ಮಾಂಸ ತುಂಬಿಕೊಂಡು ಕೈಗೆ ದುಂಡಗೆ ಸಿಗುತ್ತದೆ. ಇಲ್ಲಿ ಮೂಳೆ ಎದ್ದು ನಿಂತಿತ್ತು, ಇಳಿಗೆಮಣೆಯ ಅಲಗಿನ ಹಾಗೆ. ಎರಡೂ ಬದಿ ಹಳ್ಳ.

ಶ್ರೀಕಂಠ ನನ್ನ ಭುಜದ ಮೇಲಿಂದ ಬಗ್ಗಿದರು. ಕನ್ನಡದಲ್ಲೇ, ತುಟಿ ಅಲ್ಲಾಡಿಸದೆ ಹೇಳಿದರು, "ಮೇಡಂ, ಇದು ಒಂದ್ ದಿನದಲ್ಲಿ ಆಗಿರೋದಲ್ಲ. ಕೆಟ್ಟ ಮಾಂಸ ತಿಂದು ಸತ್ತಿದ್ರೆ ಎದೆ ತುಂಬಿರ್ಬೇಕಿತ್ತು. ಇದು ವಾರಗಟ್ಲೆ ಕರಗಿದೆ."

"ಬೇಟೆಗೆ ಸಪೂರ ಮಾಡಿದ್ದು ಅಂತಲ್ಲ ಅವರು ಹೇಳುವುದು?"

"ಅದಕ್ಕೂ ಒಂದ್ ಮಿತಿ ಇರುತ್ತೆ. ಇಷ್ಟು ಇಳಿಸಲ್ಲ ಯಾರೂ."

ಬಾಸಿಲ್ ಬಾಗಿಲ ಆಚೆಯಿಂದಲೇ, "ಏನಾಯಿತು?" ಎಂದರು. "ಏನಿಲ್ಲ," ಎಂದೆ. ಬೆರಳು ಕೆಳಗೆ ಸರಿಯಿತು. ಎದೆಮೂಳೆ ಮುಗಿದು ಹೊಟ್ಟೆ ಶುರುವಾಗುವ ಜಾಗ ಎಲ್ಲ ಹಕ್ಕಿಗಳಲ್ಲೂ ಅಪಾಯದ್ದು, ಅಲ್ಲಿ ಮಾಂಸದ ಪರದೆ ಬಹಳ ತೆಳು. ನಾನು ಕತ್ತಿ ಕೆಳಗಿಟ್ಟು ಬೆರಳಿನಿಂದ ಮಾತ್ರ ತಳ್ಳುತ್ತಿದ್ದೆ. ಆದರೂ ಪರದೆ ಬಿರಿಯಿತು. ಒಳಗಿನಿಂದ ಅದಕ್ಕೆ ಏನೋ ಗಟ್ಟಿಯಾದದ್ದು ಅಂಟಿಕೊಂಡಿತ್ತು, ಚರ್ಮದ ಜೊತೆ ಅದೂ ಎದ್ದು ಬಂತು. ಬಿಳಿಯ ಹಪ್ಪಳದಂಥ ತುಂಡು. ಅದರ ಮಧ್ಯೆ ಬೂದು ಹಸಿರಿನ ನಯವಾದ ಪುಡಿ. ಮಳೆಗಾಲದಲ್ಲಿ ಕಪಾಟಿನಲ್ಲಿ ಮರೆತ ಬ್ರೆಡ್ಡಿನ ಮೇಲೆ ಬರುವಂಥದ್ದು.

ನಾನು ಕೈ ಎತ್ತಿದೆ. ಎಲ್ಲರೂ ಎದ್ದರು.

"ಯಾರೂ ಹತ್ತಿರ ಬರಬೇಡಿ!" ಯೋಹಾನಾ ಕೂಗಿದರು. ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಮಾಸ್ಕ್ ಹಾಕಿ. ಎ.ಸಿ. ಬಂದ್ ಮಾಡಿ, ಈಗಲೇ. ಬಾಗಿಲು ಮುಚ್ಚಿ. ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ."

ಎ.ಸಿ.ಯ ಸದ್ದು ನಿಂತ ಕೂಡಲೇ ಕೋಣೆಯೇ ಬೇರೆಯಾಯಿತು. ಯೋಹಾನಾ ಹಕ್ಕಿಯ ಮೇಲೆ ಒದ್ದೆ ಬಟ್ಟೆ ಹೊದಿಸಿದರು. ಪುಡಿ ಗಾಳಿಗೆ ಏಳಬಾರದು. ಅದಕ್ಕಿಂತ ದೊಡ್ಡ ಭಯ ಹಕ್ಕಿಜ್ವರ. ಹಾಗೇನಾದರೂ ಇದ್ದರೆ ನಾವು ಯಾರೂ ಮನೆಗೆ ಹೋಗುವ ಹಾಗಿಲ್ಲ. ನನ್ನ ಮಗಳಿಗೆ ಆಗ ಮೊದಲ ಮಗು, ಹಾಲು ಕುಡಿಯುವ ಕೂಸು ಮನೆಯಲ್ಲೇ ಇತ್ತು. ಬೆಳಗ್ಗೆ ಹೊರಡುವಾಗ ಅದರ ಕೆನ್ನೆ ಮುಟ್ಟಿ ಬಂದಿದ್ದೆ. ಈ ಕೈಯಲ್ಲಿ ಇನ್ನು ಯಾವಾಗ ಮುಟ್ಟುವುದೋ ಎಂದುಕೊಂಡು ಕೈಗವಸಿನ ಬೆರಳುಗಳನ್ನು ಅಗಲಿಸಿ ಗಾಳಿಯಲ್ಲಿ ಹಿಡಿದು ನಿಂತಿದ್ದೆ. ಮಾಸ್ಕಿನೊಳಗೆ ಬೆವರು ಇಳಿಯುತ್ತಿತ್ತು.

ಶ್ರೀಕಂಠ ಮಾತ್ರ ಕೈಕಟ್ಟಿ ನಿಲ್ಲಲಿಲ್ಲ. ತಮ್ಮ ಆಸ್ಪತ್ರೆಗೆ ಫೋನ್ ಮಾಡಿ ಹಕ್ಕಿಜ್ವರದ ಟೆಸ್ಟ್ ಕಿಟ್ ಕಳಿಸಲು ಹೇಳಿದರು. ಆಮೇಲೆ ಸೆಲ್ಲೋಟೇಪಿನ ತುಂಡೊಂದನ್ನು ಬಟ್ಟೆಯ ಕೆಳಗೆ ತೂರಿಸಿ, ಆ ಹಸಿರು ಪುಡಿಗೆ ಒತ್ತಿ, ಗಾಜಿನ ಪಟ್ಟಿಗೆ ಅಂಟಿಸಿದರು. ಗರಿಯ ಹೇನು ನೋಡಲೆಂದು ಕೋಣೆಯ ಮೂಲೆಯಲ್ಲಿ ಒಂದು ಮೈಕ್ರೋಸ್ಕೋಪ್ ಇತ್ತು. ಅದರ ಮೇಲೆ ಬಗ್ಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಬೂಷ್ಟು," ಎಂದರು ಕೊನೆಗೆ. ನಮ್ಮ ಆಸ್ಪತ್ರೆಯಲ್ಲಿ ಇದನ್ನು ಆಗಾಗ ನೋಡುತ್ತೇವೆ ಎಂದು ಇಂಗ್ಲಿಷಿನಲ್ಲಿ, ಗಾಜಿನ ಆಚೆ ನಿಂತ ಬಾಸಿಲ್‌ಗೂ ಕೇಳುವ ಹಾಗೆ, ಎಲ್ಲರಿಗೂ ವಿವರಿಸಿದರು. ಹಕ್ಕಿಯ ಮೈಯೊಳಗೆ ಗಾಳಿಚೀಲಗಳಿರುತ್ತವೆ, ಬೂಷ್ಟಿನ ಗಾಳಿಯನ್ನೇ ದಿನಾ ಉಸಿರಾಡಿದರೆ ಅದು ಒಳಗೆ ಬೇರೂರುತ್ತದೆ. ಮೊದಲು ದನಿ ಹೋಗುತ್ತದೆ, ಆಮೇಲೆ ಮೈ ಕರಗುತ್ತದೆ. ಮಾಂಸಕ್ಕೂ ಇದಕ್ಕೂ ಸಂಬಂಧವಿಲ್ಲ.

ನಾನು ಗಾಜಿನ ಆಚೆ ನೋಡಿದೆ. ಬಖ್ಶ್ ಬೆಂಚಿನಿಂದ ಎದ್ದು ನಿಂತಿದ್ದರು. ಅವರನ್ನು ಕರೆತಂದಿದ್ದ ಡ್ರೈವರ್ ಬಂದು ತೋಳು ಮುಟ್ಟಿ, ಹೊರಡೋಣ ಎಂಬಂತೆ ಬಾಗಿಲಿನ ಕಡೆ ತೋರಿಸುತ್ತಿದ್ದ.

ಬಾಸಿಲ್ ಗಾಜಿಗೆ ಹತ್ತಿರ ಬಂದು ನನ್ನ ಫೋನಿಗೆ ಕರೆ ಮಾಡಿದರು. ನಾನು ಮೇಲಿನ ಕೈಗವಸು ಕಳಚಿ ಫೋನ್ ಎತ್ತಿದೆ. ಎದುರಿಗೇ ನಿಂತಿದ್ದೆವು, ನಡುವೆ ಬಾಗಿಲು. "ಹಸೀನಾ, ನನ್ನ ಮಾತು ಕೇಳು. ಚರ್ಮ ಬಿಡಿಸಿ ತೆಗೆದಿಡಿ. ಒಳಗಿನದ್ದೆಲ್ಲ ಚೀಲಕ್ಕೆ ಹಾಕಿ ಸುಡಲು ಕಳಿಸಿ. ಅವರು ನಮ್ಮನ್ನು ಕೇಳಿದ್ದು ಹಕ್ಕಿಯನ್ನು ನಿಲ್ಲಿಸಿ ಕೊಡಿ ಅಂತ. ಯಾಕೆ ಸತ್ತಿತು ಅಂತ ಕೇಳಿಲ್ಲ. ಅದು ನಮ್ಮ ಕೆಲಸ ಅಲ್ಲ. ಖಲಾಸ್."

"ಮತ್ತೆ ಆ ಮನುಷ್ಯ?"

"ಅದು ಅವರ ಮನೆಯ ವಿಚಾರ. ನಾನು ಫೋನ್ ಮಾಡಿ, ನಿಮ್ಮ ಮಗ ಹೇಳಿದ್ದು ಸುಳ್ಳು ಅಂತ ಹೇಳಬೇಕಾ? ನೀನು ಹೇಳುತ್ತೀಯಾ?"

ನಾನು ಯೋಹಾನಾ ಕಡೆ ನೋಡಿದೆ. ನಾವು ಅರಬಿಯಲ್ಲಿ ಮಾತಾಡಿದ್ದು ಅವರಿಗೆ ಅರ್ಥವಾಗಿರಲಿಲ್ಲ. ಹೇಳಿದೆ. ಅವರು ಯೋಚಿಸಿ ಹೇಳಿದರು, "ನಾನು ತಿಂಗಳಾದ ಮೇಲೆ ಹೊರಟು ಹೋಗುವವಳು. ನೀವು ಇಲ್ಲೇ ಇರಬೇಕಾದವರು. ಹೇಳಿ ಅನ್ನುವ ಹಕ್ಕು ನನಗಿಲ್ಲ. ಆದರೆ ಈ ದೇಹವನ್ನು ಚೀಲಕ್ಕೆ ಹಾಕಲು ನಾನು ಬಿಡುವುದಿಲ್ಲ. ಅಷ್ಟು ನನ್ನ ಕೈಯಲ್ಲಿದೆ."

ಶ್ರೀಕಂಠ ಕನ್ನಡದಲ್ಲಿ ಹೇಳಿದರು, "ಮೇಡಂ, ನಂಗೆ ಅರಬಿ ಬರಲ್ಲ. ಬಂದಿದ್ರೆ ನಾನೇ ಮಾತಾಡ್ತಿದ್ದೆ."

"ಬರ್ತಿದ್ರೆ ನೀವೂ ಹೆದರ್ತಿದ್ರಿ," ಎಂದೆ.

"ಹೆದರ್ತಿದ್ದೆ," ಎಂದು ಒಪ್ಪಿಕೊಂಡರು.

ಡ್ರೈವರ್ ಆಗಲೇ ಹೊರಬಾಗಿಲು ತೆರೆದಿದ್ದ. ನಾನು ಗಾಜಿಗೆ ಬಡಿದೆ. ಬಖ್ಶ್ ತಿರುಗಿದರು. "ದೊಡ್ಡ ಸಾಹೇಬರಿಗೆ ಫೋನ್ ಹಚ್ಚಿ," ಎಂದು ಹಿಂದಿಯಲ್ಲಿ ಕೂಗಿದೆ. "ಸ್ಪೀಕರ್ ಹಾಕಿ ಗಾಜಿಗೆ ಹಿಡಿಯಿರಿ." ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ಮನೆಯಿಂದ ಹೊರಡಿಸಿದ ಮೇಲೆ ಯಜಮಾನರಿಗೆ ತಾವೇ ಫೋನ್ ಮಾಡುವುದೆಂದರೆ ಏನು! "ಭಾಯಿ, ಅವಳ ದನಿ ಬದಲಾಗಿದ್ದು ನಿಜ," ಎಂದೆ. "ಕಾರಣ ಸಿಕ್ಕಿದೆ."

ಅವರು ಫೋನ್ ಹಚ್ಚಿದರು. ಬಾಸಿಲ್ ಅವರ ಕೈ ತಡೆಯಲು ಒಂದು ಹೆಜ್ಜೆ ಮುಂದೆ ಬಂದರು, ಆಮೇಲೆ ನಿಂತರು. ಯಾಕೆ ನಿಂತರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಗಾಜಿನ ಮೂಲಕ ಮುದಿ ದನಿಯೊಂದು ಕೇಳಿಸಿತು. ನಾನು ಸಲಾಂ ಹೇಳಿ, ಯಾರೆಂದು ಹೇಳಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಂಗಡಿ ಬೀದಿಯಲ್ಲಿ ಕಲಿತ ಅರಬಿ ನನ್ನದು. ಬೂಷ್ಟಿಗೆ ಏನನ್ನುತ್ತಾರೆಂದು ಗೊತ್ತಿರಲಿಲ್ಲ. "ಹಳೆಯ ರೊಟ್ಟಿಯ ಮೇಲೆ ಹಸಿರು ಬರುತ್ತದಲ್ಲ, ಅದು ಅವಳ ಎದೆಯೊಳಗೆ ಇದೆ. ಗಾಳಿಯಿಂದ ಬಂದದ್ದು. ಊಟದಿಂದ ಅಲ್ಲ," ಎಂದೆ.

ಬಖ್ಶ್ ಫೋನನ್ನು ಗಾಜಿಗೆ ಇನ್ನಷ್ಟು ಒತ್ತಿ ಹಿಡಿದರು.

"ಉಖ್ತಿ," ಎಂದರು ಅಬೂ ಫಹದ್. ತಂಗೀ ಎಂದು. "ನೀನು ಕಣ್ಣಾರೆ ನೋಡಿದೆಯಾ?"

"ನನ್ನ ಕೈಗೇ ಬಂತು."

"ಗಾಳಿಯಿಂದ ಅಂದೆಯಲ್ಲ. ಯಾವ ಗಾಳಿ?"

ಅದರ ಉತ್ತರ ಬಖ್ಶ್ ಬಳಿ ಇತ್ತು. ಅವರು ಫೋನನ್ನು ಗಾಜಿನಿಂದ ತೆಗೆದು ಬಾಯಿಯ ಹತ್ತಿರ ತಂದುಕೊಂಡರು. ತಾನು ನಿರಪರಾಧಿ ಎನ್ನುತ್ತಾರೆ, ಟಿಕೆಟ್ ರದ್ದುಮಾಡಿ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಕೇಳಿದ್ದು ಬೇರೆ.

"ಬಾಬಾ, ಹೊಸ ಕೋಣೆಯಲ್ಲಿ ಇನ್ನೂ ಎರಡು ಹಕ್ಕಿ ಇವೆ. ಅವನ್ನು ಈಗಲೇ ಹೊರಗೆ ತೆಗೆಸಿ. ಬೇರೆ ಯಾವ ಕೋಣೆಯಾದರೂ ಸರಿ. ಎ.ಸಿ. ನೀರು ಸೋರುವ ಕೋಣೆ ಬೇಡ."

ಫಹದ್ ಆ ವರ್ಷ ಹಕ್ಕಿಗಳಿಗೆಂದು ಹೊಸ ಕೋಣೆ ಕಟ್ಟಿಸಿದ್ದ. ಚಾವಣಿಯ ಒಳಗಿಂದ ತಣ್ಣನೆ ಗಾಳಿ ಬರುವ ವ್ಯವಸ್ಥೆ. ಕೊಳವೆ ಸೋರಿ ಗೋಡೆಯ ಒಂದು ಮೂಲೆ ಕಪ್ಪಾಗಿತ್ತು. ಬಖ್ಶ್ ಅದನ್ನು ಒರೆಸುತ್ತಿದ್ದರು, ಅದು ಮತ್ತೆ ಬರುತ್ತಿತ್ತು.

ಫೋನ್ ಕಟ್ಟಾಯಿತು. ಡ್ರೈವರನ ಫೋನ್ ಬಡಿಯಿತು. ಅವನು "ಹಾಜ಼ಿರ್, ಹಾಜ಼ಿರ್" ಎನ್ನುತ್ತ ಕೇಳಿ, ಬಖ್ಶ್ ಕಡೆ ನೋಡಿ, "ಮನೆಗೆ," ಎಂದ. ಇಬ್ಬರೂ ಓಡಿದರು. ವಿಮಾನ ನಿಲ್ದಾಣದ ಮಾತನ್ನು ಯಾರೂ ಎತ್ತಲಿಲ್ಲ.

ನಾವು ಒಳಗೇ ಉಳಿದೆವು. ಕಿಟ್ ಬಂತು, ಶ್ರೀಕಂಠ ಹಕ್ಕಿಯ ಗಂಟಲಿನಿಂದ ಹತ್ತಿಯಲ್ಲಿ ಒರೆಸಿ ತೆಗೆದು ಪಟ್ಟಿಯ ಮೇಲೆ ಹನಿ ಬಿಟ್ಟರು. ಎರಡನೆಯ ಗೀಟು ಬಂದರೆ ಹಕ್ಕಿಜ್ವರ. ಏಳೆಂಟು ಜನ ಬೆವರುತ್ತ ಆ ಪುಟ್ಟ ಪಟ್ಟಿಯನ್ನು ನೋಡುತ್ತ ನಿಂತೆವು. ಎರಡನೆಯ ಗೀಟು ಬರಲಿಲ್ಲ. ಮತ್ತೆ ಮಾಡಿ ನೋಡಿದರು. ಬರಲಿಲ್ಲ. ಯೋಹಾನಾ ಮಾಸ್ಕ್ ಕೆಳಗೆ ಸರಿಸಿ ನೆಲದ ಮೇಲೆಯೇ ಕೂತುಬಿಟ್ಟರು.

ಅಷ್ಟಕ್ಕೆ ನಮ್ಮ ಪಾಡು ಮುಗಿಯಲಿಲ್ಲ. ಕೋಣೆ ಕಾದು ಹೋಗಿತ್ತು. ಚರ್ಮ ಸೆಕೆಗೆ ಸಿಕ್ಕರೆ ಗರಿಯ ಬೇರುಗಳು ಸಡಿಲವಾಗುತ್ತವೆ. ಆಮೇಲೆ ಮುಟ್ಟಿದಲ್ಲೆಲ್ಲ ಗರಿ ಕೈಗೆ ಬರುತ್ತದೆ, ಅದನ್ನು ಯಾವ ಅಂಟೂ ಉಳಿಸುವುದಿಲ್ಲ. ಶ್ರೀಕಂಠ ಹೊಟ್ಟೆಯ ಭಾಗವನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಹಿಡಿದರು, ನಾನೂ ಯೋಹಾನಾರೂ ಎರಡು ಕಡೆಯಿಂದ ಚರ್ಮ ಬಿಡಿಸಿದೆವು. ರೆಕ್ಕೆ, ಕಾಲು, ಕತ್ತು, ತಲೆಬುರುಡೆ. ಬಾಲದ ಬುಡದಲ್ಲಿ ನನ್ನ ಕೈ ಜಾರಿ ನಡುವಿನ ಒಂದು ಉದ್ದ ಗರಿ ಮುರಿಯಿತು. "ಆಮೇಲೆ ನೋಡೋಣ," ಎಂದರು ಯೋಹಾನಾ. ಚರ್ಮಕ್ಕೆ ಬೋರಾಕ್ಸ್ ಹಚ್ಚಿ, ಸುತ್ತಿ, ಫ್ರೀಜರಿಗೆ ಸೇರಿಸಿದೆವು. ದೇಹ ಶ್ರೀಕಂಠರ ಆಸ್ಪತ್ರೆಗೆ ಹೋಯಿತು. ಅಲ್ಲಿನ ಡಾಕ್ಟರೂ ಬೂಷ್ಟೆಂದೇ ಹೇಳಿದರು.

ಮರುದಿನ ಬಾಸಿಲ್ ನನ್ನನ್ನು ಕರೆದು, "ಸ್ವಲ್ಪ ದಿನ ಮನೆಯಲ್ಲಿರು," ಎಂದರು. ಸ್ವಲ್ಪ ದಿನ ಎಂದರೆ ಎಷ್ಟೆಂದು ಕೇಳಿದರೆ, "ಮಾಫಿ ಮಾಲೂಮ್," ಗೊತ್ತಿಲ್ಲ ಎಂದರು. ಗಂಡ ಅಂಗಡಿಗೆ ಹೋಗುವಾಗ ಬಾಗಿಲ ಬಳಿ ನಿಂತು, "ನೀನು ಹೇಳದಿದ್ದಿದ್ದರೆ ಕೆಲಸಕ್ಕೆ ಹೋಗ್ತಿದ್ದಿ, ಆದರೆ ಉಣ್ಣದೆ ಇರ್ತಿದ್ದಿ," ಎಂದು ಹೋದರು. ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಫೋನ್ ನೋಡುತ್ತ ಕೂತಿರುತ್ತಿದ್ದೆ. ಶ್ರೀಕಂಠರಿಂದ ಸುದ್ದಿ ಬರುತ್ತಿತ್ತು. ಮುಐದರ್‌ನ ಎರಡೂ ಹಕ್ಕಿಗಳು ಅವರ ಆಸ್ಪತ್ರೆಯಲ್ಲೇ ಇದ್ದವು. ಎರಡರ ಒಳಗೂ ಬೂಷ್ಟು. ಔಷಧದ ಹಬೆ ಕೊಡುತ್ತಿದ್ದಾರೆ. ಬಖ್ಶ್ ಅಲ್ಲೇ ಕೂತಿರುತ್ತಾರೆ. ಆಮೇಲೆ ಒಂದು ದಿನ: "ಮೇಡಂ, ದೊಡ್ಡದು ಹೋಯ್ತು. ಚಿಕ್ಕದು ಇವತ್ತು ತಾನಾಗೇ ತಿಂತು."

ನನ್ನನ್ನು ಮತ್ತೆ ಕರೆಸಿದ್ದು ಅಬೂ ಫಹದ್. ಬಾಸಿಲ್‌ಗೆ ಫೋನ್ ಮಾಡಿ, ಶುರುಮಾಡಿದವಳೇ ಮುಗಿಸಲಿ ಎಂದರಂತೆ. ಬಾಸಿಲ್ ಕ್ಷಮೆ ಕೇಳಲಿಲ್ಲ, ನಾನು ನಿರೀಕ್ಷಿಸಲೂ ಇಲ್ಲ. ಕಾಫಿ ತರಿಸಿಕೊಟ್ಟರು.

ಕಮ್ಮಟದ ಕೊನೆಯ ದಿನಗಳೆಲ್ಲ ಆ ಒಂದು ಹಕ್ಕಿಗೇ ಹೋದವು. ಫ್ರೀಜರಿನಲ್ಲಿ ಅಂಚು ಒಣಗಿದ್ದ ಚರ್ಮವನ್ನು ಒದ್ದೆ ಹತ್ತಿಯಿಂದ ಮೆತ್ತಗೆ ಮಾಡಿದೆವು. ಹೊಟ್ಟೆಯ ಬಳಿ ಅಂಗೈಯಗಲ ಗರಿ ಉದುರಿ ಬಂತು. ಅದನ್ನು ಒಂದೊಂದಾಗಿ ಅಂಟಿಸಿದೆ. ಮುರಿದ ಬಾಲದ ಗರಿಗೆ ಏನು ಮಾಡುವುದೆಂದು ಕೂತಿದ್ದಾಗ ಬಖ್ಶ್ ಒಂದು ಪೊಟ್ಟಣ ಹಿಡಿದು ಬಂದರು. ಹಿಂದಿನ ವರ್ಷ ಇದೇ ಹಕ್ಕಿ ಉದುರಿಸಿದ ಗರಿಗಳು. ಬದುಕಿರುವ ಹಕ್ಕಿಯ ಗರಿ ಮುರಿದರೆ ಜೋಡಿಸಲು ಬೇಕಾಗುತ್ತದೆಂದು ಅವರು ಎತ್ತಿಡುತ್ತಾರೆ. ಬಿದಿರಿನ ಸಣ್ಣ ಕಡ್ಡಿಯನ್ನು ಎರಡು ತುಂಡುಗಳ ಟೊಳ್ಳಿಗೆ ತೂರಿಸಿ ಜೋಡಿಸುವುದನ್ನು ತೋರಿಸಿಕೊಟ್ಟರು. ಯೋಹಾನಾ ಸೇರಿ ನಾವೆಲ್ಲ ಸುತ್ತ ನಿಂತು ನೋಡಿದೆವು. ಕೆಲಸ ಮುಗಿಸಿದ ಮೇಲೆ ಅವರು ಹಕ್ಕಿಯ ಮುಖದ ಕಡೆ ನೋಡದೆ ಹೊರಟರು. ಗಾಜಿನ ಕಣ್ಣು ಆಗಲೇ ಕೂರಿಸಿದ್ದೆ.

ಅದು ಮಜ್ಲಿಸಿನಲ್ಲಿ ನಿಂತಿತು. ನೀರು ಸೋರುತ್ತಿದ್ದ ಆ ಹೊಸ ಕೋಣೆಯನ್ನು ಅಬೂ ಫಹದ್ ಒಡೆಸಿದರು. ಮಗನಿಗೆ ಏನು ಹೇಳಿದರೋ ತಿಳಿಯದು. ಆದರೆ ಚಳಿಗಾಲ ಬಂದಾಗ ನನ್ನನ್ನೂ ಗಂಡನನ್ನೂ ಶ್ರೀಕಂಠರನ್ನೂ ಮರುಭೂಮಿಗೆ ಕರೆದುಕೊಂಡು ಹೋಗಲು ಬಂದವನು ಫಹದ್. ಇಳಿಯುವಾಗ ನನ್ನ ಕಡೆಯ ಬಾಗಿಲನ್ನು ತಾನೇ ತೆರೆದ.

ಬಯಲಿನಲ್ಲಿ ಬಖ್ಶ್ ನಿಂತಿದ್ದರು, ಮುಷ್ಟಿಯ ಮೇಲೆ ಆ ಚಿಕ್ಕ ಹಕ್ಕಿ. ಹಾರಿಸಿದರು, ಕೂಗಿ ಕರೆದರು, 'ಕೀ' ಎಂದು ಸ್ಪಷ್ಟವಾಗಿ ಉತ್ತರ ಕೊಡುತ್ತ ಅದು ತಿರುಗಿ ಬಂತು. ಅವರು ನನ್ನ ಕೈಗೆ ಚರ್ಮದ ಗವಸು ತೊಡಿಸಿದರು. "ಹೆದರಬೇಡಿ ಬಾಜಿ. ಕೈ ಗಟ್ಟಿ ಹಿಡಿಯಿರಿ."

ನಾನು ಈ ಕೆಲಸದಲ್ಲಿ ಆಮೇಲೆಯೂ ಬಹಳ ವರ್ಷ ಇದ್ದೆ, ಬಹಳ ಡೇಗೆಗಳ ಚರ್ಮ ಬಿಡಿಸಿದೆ, ಅವನ್ನು ನಿಲ್ಲಿಸಿದೆ, ಬಹಳ ಮಂದಿಯನ್ನು ಮೇಜಿನ ಸುತ್ತ ಕೂರಿಸಿ ಕಲಿಸಿದೆ. ಬದುಕಿರುವ ಡೇಗೆ ನನ್ನ ಕೈಮೇಲೆ ಕೂತದ್ದು ಅವತ್ತು ಮಾತ್ರ. ಗವಸಿನ ಒಳಗೂ ಅದರ ಉಗುರಿನ ಬಿಗಿ ತಿಳಿಯುತ್ತಿತ್ತು. ಅದು ನನ್ನನ್ನು ಒಮ್ಮೆ ನೋಡಿತು, ದೂರ ನೋಡಿತು, ಆಮೇಲೆ ಮೈಯನ್ನೆಲ್ಲ ಉಬ್ಬಿಸಿ ಒಮ್ಮೆ ಕೊಡವಿತು. ಚಿಮಟದಲ್ಲಿ ಹಿಡಿದು, ಸೂಜಿ ಚುಚ್ಚಿ, ದಾರ ಸುತ್ತಿ, ಇಡೀ ದಿನ ಕೂತು ನಾನು ಸಾಲು ಮಾಡುವ ಗರಿಗಳೆಲ್ಲ ಆ ಒಂದೇ ಕೊಡವಿಗೆ ಎದ್ದವು, ಒಂದರ ಮೇಲೊಂದು ಇಳಿದವು, ತಂತಮ್ಮ ಜಾಗದಲ್ಲಿ ಕೂತವು.